ಜಪ ಮಾತಲ್ಲ

ಅವ್ವನ ತಲೆಯೊಳಗೆ ಕೂಡಿಸಿದ ಹಲಗೆ ನನ್ನ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಕೂಡಿಸುವ ಮೊದಲು ಕೊಣ್ಣೂರ ಡಾಕ್ಟರು ಅದನ್ನು ಗಾಜಿನ ಡಬ್ಬಿಯಲ್ಲಿಟ್ಟು ನನಗೂ ನನ್ನ ಅಣ್ಣ ಮುತ್ತಣ್ಣನಿಗೂ ತೋರಿಸಿದರು. ರೊಟ್ಟಿ ಹಂಚಿನಿಂದ ಕೆರೆದು ತೆಗೆದ ಚಕ್ಕೆಯ ಹಾಗೆ ಕರ್ರಗಿತ್ತು.

“ಇಷ್ಟ ಏನ್ರಿ?” ಎಂದ ಮುತ್ತಣ್ಣ.

“ಇಷ್ಟರಾಗ ನಿಮ್ಮ ಓಣಿ ಮಂದಿ ಜನ್ಮಪೂರ್ತಿ ಆಡೋ ಮಾತು ಹಿಡಸ್ತಾವ.”

“ಓಣಿದು ಇರ್ಲಿ ಬಿಡ್ರಿ. ನಮ್ಮವ್ವಂದು ಹಿಡಿಸಿದ್ರ ಸಾಕು.”

ಡಾಕ್ಟರು ನಕ್ಕರು. ನಾನೂ ನಕ್ಕೆ. ಅವ್ವ ಮಾತಾಡದೆ ಒಂದು ವರ್ಷವಾಗಿತ್ತು. ಅವಳ ಮಾತಿನ ಬಗ್ಗೆ ನಗುವುದೇ ನಮಗೆ ರೂಢಿ ತಪ್ಪಿತ್ತು.

ನಮ್ಮವ್ವ ನೀಲವ್ವ ಗುಳೇದಗುಡ್ಡದಲ್ಲಿ ರವಿಕೆಯ ಖಣ ನೇಯುವವಳು. ಮಗ್ಗದ ಸದ್ದಿಗಿಂತ ಅವಳ ಬಾಯಿಯ ಸದ್ದೇ ದೊಡ್ಡದು ಎಂದು ಓಣಿಯವರು ಹೇಳುತ್ತಿದ್ದರು. ಒಂದು ಬೆಳಿಗ್ಗೆ ಒಲೆಯ ಮುಂದೆ ಕೂತವಳು ಹಾಗೇ ಗೋಡೆಗೆ ವಾಲಿದಳು. ಲಕ್ವಾ ಅವಳ ಬಲಗೈಯನ್ನೂ ಮಾತನ್ನೂ ಒಟ್ಟಿಗೇ ತೆಗೆದುಕೊಂಡು ಹೋಯಿತು. ಬುದ್ಧಿಗೆ ಏನೂ ಆಗಿರಲಿಲ್ಲ, ಅದು ಅವಳ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಹೇಳಬೇಕಾದ್ದು ಒಳಗೆ ಸಿದ್ಧವಾಗುತ್ತದೆ, ಬಾಯಿಗೆ ಬರುವ ದಾರಿಯಲ್ಲಿ ಒಂದಿಷ್ಟು ಜಾಗ ಸತ್ತುಹೋಗಿದೆ ಎಂದು ಡಾಕ್ಟರು ತಿಳಿಸಿ ಹೇಳಿದ್ದರು. ಆ ಸತ್ತ ಜಾಗಕ್ಕೆ ಈ ಹಲಗೆ ಸೇತುವೆ.

ಹುಬ್ಬಳ್ಳಿಯ ಹೊರಗೆ ದಿಬ್ಬದ ಮೇಲೆ ಅವರ ಕೇಂದ್ರವಿತ್ತು. ಹಲಗೆಗೆ ಮೊದಲ ಸಲ ವಿದ್ಯುತ್ತು ಬಿಟ್ಟ ದಿನ ಅವ್ವ ಗಾಜಿನ ಆಚೆ ಕುರ್ಚಿಯಲ್ಲಿದ್ದಳು. ಈಚೆ ಪರದೆಯ ಮುಂದೆ ಡಾಕ್ಟರು, ಅವರ ಹಿಂದೆ ನಾನು. ಪರದೆಯ ಮೇಲೆ ಬೂದು ಬಣ್ಣದ ಬಯಲು ಬಿಟ್ಟರೆ ಏನೂ ಇರಲಿಲ್ಲ. ಡಾಕ್ಟರು ಒಂದು ಗುಂಡಿಯನ್ನು ನಿಧಾನಕ್ಕೆ ತಿರುಗಿಸಿದರು. ಬಯಲಿನ ಒಂದು ಅಂಚಿನಲ್ಲಿ ಸಣ್ಣ ಕಿಡಿ ಹುಟ್ಟಿ, ತಡವರಿಸುತ್ತ ನಡೆದು ಇನ್ನೊಂದು ಅಂಚು ಮುಟ್ಟಿತು.

“ಹಾಲು ಉಕ್ಕತೈತಿ! ಏ ದಾನೀ, ಹಾಲು!” ಎಂದು ಅವ್ವ ನನ್ನ ಹೆಸರು ಹಿಡಿದು ಕೂಗಿದಳು.

ಅವಳ ಪಕ್ಕದಲ್ಲಿದ್ದ ನರ್ಸಮ್ಮ ಬೆಚ್ಚಿ ಸುತ್ತ ನೋಡಿದಳು. ವರ್ಷದ ಹಿಂದೆ ಒಲೆಯ ಮುಂದೆ ಅರ್ಧಕ್ಕೇ ನಿಂತ ಮಾತು ಅದು. ಅವ್ವ ತನ್ನ ದನಿ ತಾನೇ ಕೇಳಿ ಎಡಗೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಆಮೇಲೆ ಗಾಜಿನ ಈಚೆಗಿದ್ದ ನನ್ನನ್ನು ನೋಡಿ, “ಹಂಗ್ಯಾಕ ನಿಂತಿ? ಬಾಯಿ ಮುಚ್ಚು, ನೊಣಾ ಹೋದಾವು” ಎಂದಳು.

ಆ ಸಂಜೆ ಡಾಕ್ಟರು ಅವ್ವನ ಹಾಸಿಗೆಯ ಹತ್ತಿರ ಬಂದು, ನಾವು ಮನೆಯಿಂದ ತಂದಿದ್ದ, ಹೊದೆಯುವ ದಪ್ಪ ಕೌದಿಯ ಮೇಲೆ ಮುಷ್ಟಿ ಒತ್ತಿ ತೋರಿಸಿದರು.

“ತಾಮ್ರದ ತಂತಿ ಅಂದ್ರ ಫರಸಿ ಕಲ್ಲಿನ ನೆಲ ಇದ್ದಂಗ. ಎಲೆಕ್ಟ್ರಾನು ಎಷ್ಟ ಓಡಾಡಿದ್ರೂ ಗುರುತು ಉಳಿಯೂದಿಲ್ಲ. ಈ ಹಲಗಿ ಮ್ಯಾಂಗನೀಸ್ ಆಕ್ಸೈಡಿಂದು. ಇದು ಕೌದಿ ಇದ್ದಂಗ. ಕುಂತಲ್ಲಿ ತಗ್ಗು ಬೀಳ್ತದ.”

ಅವರು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಒಂದೊಂದು ಮ್ಯಾಂಗನೀಸ್ ಪರಮಾಣುವಿನ ಸುತ್ತ ಆರು ಆಕ್ಸಿಜನ್ ಪರಮಾಣುಗಳು ನಿಂತು ಆರು ಮೂಲೆಯ ಪಂಜರವಾಗಿರುತ್ತವೆ. ಅಂಥ ಪಂಜರಗಳು ಮೂಲೆಗೆ ಮೂಲೆ ಹಿಡಿದುಕೊಂಡು ಸಾಲಾಗಿ ಹಬ್ಬಿದ್ದೇ ಹಲಗೆ. ಎಲೆಕ್ಟ್ರಾನು ಒಂದು ಪಂಜರಕ್ಕೆ ಬಂದು ಕೂತರೆ ಪಂಜರ ಒಂದು ಕಡೆ ಹಿಗ್ಗಿ ಸೊಟ್ಟಗಾಗುತ್ತದೆ. ಮೂಲೆ ಹಿಡಿದುಕೊಂಡ ಅಕ್ಕಪಕ್ಕದವೂ ವಾಲುತ್ತವೆ. ಎಲೆಕ್ಟ್ರಾನು ಮುಂದೆ ಹೋಗುವಾಗ ತಾನು ಮಾಡಿದ ತಗ್ಗನ್ನೂ ಎಳೆದುಕೊಂಡೇ ಹೋಗುತ್ತದೆ. ಅದು ಹೋದ ಮೇಲೂ ಪಂಜರಗಳು ಪೂರ್ತಿ ನೆಟ್ಟಗಾಗುವುದಿಲ್ಲ. ಹಿಂದೆ ಬರುವುದಕ್ಕೆ ಅದೇ ದಾರಿ ಹಗುರ. ಹೊಲದಲ್ಲಿ ಕಾಲುದಾರಿ ಬೀಳುವುದೂ ಹೀಗೇ ಅಲ್ಲವೇ.

“ಯಾವ ಮಾತಿಗೆ ಯಾವ ದಾರಿ ಅಂತ ನಾವು ಹಾಕಿ ಕೊಡೂದಿಲ್ಲ,” ಎಂದರು ಡಾಕ್ಟರು. “ಅವರs ಆಡಿ ಆಡಿ ತುಳೀಬೇಕು. ಮೊದಲಿನ ಎರಡು ತಿಂಗಳು ಹಲಗಿ ಹಸಿ ಇರ್ತದ. ಎಲ್ಲಾ ಥರದ ಮಾತೂ ಆಡಸ್ರಿ. ಆಡಿದ್ದನ್ನ ತಿರುಗಿ ತಿರುಗಿ ಆಡೂದು ಮಾತ್ರ ಬ್ಯಾಡ. ಹಾಡು ಬ್ಯಾಡ, ಎಣಿಸೂದು ಬ್ಯಾಡ. ಜಗಳಂತೂ ಬ್ಯಾಡs ಬ್ಯಾಡ. ಜಗಳದಾಗ ಮನಷ್ಯಾ ಅಂದದ್ದನ್ನs ಮತ್ತ ಮತ್ತ ಅಂತಾನ.”

“ಎರಡು ತಿಂಗಳು ಜಗಳಿಲ್ಲದ?” ಎಂದಳು ಅವ್ವ. “ತಗದ ಬಿಡ್ರಿ ನಿಮ್ಮ ಹಲಗಿ!”

ಊರಿಗೆ ಬಂದ ಮೇಲೆ ನಮ್ಮ ಮನೆ ಓಣಿಯವರಿಗೆಲ್ಲ ಆಟದ ಅಂಗಳವಾಯಿತು. ಬಂದವರೆಲ್ಲ ಅವ್ವನಿಗೆ ಒಂದು ಹೊಸ ಮಾತು ಕೇಳಬೇಕು. ಕಾಯಿಪಲ್ಲೆಗಳ ಹೆಸರು, ಖಣದ ಬಣ್ಣಗಳು, ಸತ್ತ ಹಿರಿಯರ ಅಡ್ಡಹೆಸರುಗಳು. ಒಂದೇ ಬೈಗುಳವನ್ನು ಎರಡು ಸಲ ಬಯ್ಯುವ ಹಾಗಿರಲಿಲ್ಲವಾದ್ದರಿಂದ ಅವ್ವ ಮುತ್ತಣ್ಣನಿಗೆ ದಿನವೂ ಹೊಸದು ಹುಡುಕುತ್ತಿದ್ದಳು. ಒಂದು ದಿನ ಅವನು ಮಳೆಗಾಲದ ಹಪ್ಪಳ, ಇನ್ನೊಂದು ದಿನ ತುದಿ ಸಿಗದ ನೂಲಿನ ಲಡಿ, ಮತ್ತೊಂದು ದಿನ ಗಂಟೆ ಕಟ್ಟದ ಕೋಣ.

“ಯವ್ವಾ, ಹಳೇವ ಚಲೋ ಇದ್ದುವು. ಮಂಗ್ಯಾ, ಕತ್ತಿ ಅನ್ನು ಸಾಕು,” ಎನ್ನುತ್ತಿದ್ದ ಅವನು.

“ಕತ್ತಿ ಅಂದ್ರ ಹಲಗಿ ಕೆಡತೈತಿ. ನಿನ್ನ ಸಲುವಾಗಿ ನನ್ನ ತಲಿ ಯಾಕ ಕೆಡಿಸ್ಕೊಳ್ಲಿ?”

ವಾರಕ್ಕೊಮ್ಮೆ ಕೇಂದ್ರಕ್ಕೆ ಹೋಗುತ್ತಿದ್ದೆವು. ಪರದೆಯ ಬಯಲಿನ ತುಂಬ ತೆಳ್ಳನೆಯ ಗೆರೆಗಳು ಮೂಡುತ್ತಿದ್ದವು, ಅಡ್ಡ, ಉದ್ದ, ಒಂದರ ಮೇಲೊಂದು. ಮಗ್ಗದಲ್ಲಿ ಹಾಸೂ ಹೊಕ್ಕೂ ಕೂಡುವಾಗ ಬಟ್ಟೆ ಹುಟ್ಟುವುದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಅದು ಹಾಗೇ ಕಾಣುತ್ತಿತ್ತು. ಕೊಣ್ಣೂರ ಡಾಕ್ಟರು ಪರದೆಯನ್ನು ಬೆರಳಿನಿಂದ ಸವರಿ, “ಭಾಳ ಚಂದ ನಡದದ, ನೀಲವ್ವಾರ” ಎಂದಿದ್ದರು.

ಅಷ್ಟರಲ್ಲಿ ಶ್ರಾವಣ ಬಂತು.

ಅವ್ವನ ಅಕ್ಕ ಬಸಲಿಂಗವ್ವ, ನನ್ನ ದೊಡ್ಡವ್ವ, ಮಠದ ಭಜನೆಯ ಹೆಣ್ಣುಮಕ್ಕಳಿಗೆಲ್ಲ ಹಿರಿಯಳು. ಶ್ರಾವಣದಲ್ಲಿ ನಮ್ಮ ಓಣಿಯವರು ಸಪ್ತಾಹ ಹಿಡಿಯುತ್ತಾರೆ. ಏಳು ದಿನ ಹಗಲೂ ರಾತ್ರಿ ‘ನಮಃ ಶಿವಾಯ’ ಎನ್ನುವುದು ನಿಲ್ಲಬಾರದು, ಸರದಿಯ ಮೇಲೆ ಕೂತು ಹೇಳುತ್ತಿರುತ್ತಾರೆ. ಅವ್ವನಿಗೆ ಲಕ್ವಾ ಹೊಡೆದ ದಿನ ದೊಡ್ಡವ್ವ ಹರಕೆ ಹೊತ್ತಿದ್ದಳು. ತಂಗಿಗೆ ಮಾತು ಬಂದರೆ ಅವಳನ್ನು ಇಡೀ ಸಪ್ತಾಹ ಕೂಡಿಸುತ್ತೇನೆ ಎಂದು.

“ಒಂದ ಮಾತು ತಿರುಗಿ ತಿರುಗಿ ಆಡಬ್ಯಾಡ ಅಂದಾರಲ್ಲ ಡಾಕ್ಟರು?” ಎಂದ ಮುತ್ತಣ್ಣ.

ದೊಡ್ಡವ್ವನಿಗೆ ನಿಜಕ್ಕೂ ಆಶ್ಚರ್ಯವಾಯಿತು. “ಮಾತು ಆಡಬ್ಯಾಡ ಅಂದಾರ. ಜಪ ಮಾತೇನೋ ಹುಚ್ಚಪ್ಯಾ? ಮೌನ ಹಿಡದವರೂ ಜಪಾ ಮಾಡ್ತಾರಲ್ಲ!”

ಅವಳು ಹೇಳಿದ್ದು ನಮಗೂ ಸರಿಯೆನ್ನಿಸಿತು. ನಮ್ಮಜ್ಜ ಸೋಮವಾರ ಮೌನ ಹಿಡಿಯುತ್ತಿದ್ದ. ಅವನ ಜಪ ಬೀದಿಯ ತುದಿಯವರೆಗೆ ಕೇಳುತ್ತಿತ್ತು. ಮೌನ ಮುರಿಯಿತೆಂದು ಯಾರೂ ಅಂದಿರಲಿಲ್ಲ. ಅವ್ವ ತಾನೇ ಎದ್ದು ಸೀರೆ ಸರಿಮಾಡಿಕೊಂಡಳು. “ಮಾತು ಕೊಟ್ಟಾವಗ ಒಂದು ವಾರ ಕೊಡಾಕ ಏನ ಕಷ್ಟ? ನಡಿಯಕ್ಕಾ.”

ಉಳಿದವರು ಸರದಿ ಮುಗಿಸಿ ಮನೆಗೆ ಹೋಗಿ ಮಲಗುತ್ತಿದ್ದರು. ಅವ್ವ ಮಠದ ಕಂಬಕ್ಕೆ ಒರಗಿ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದಳು, ಎದ್ದವಳೇ ದನಿ ಕೂಡಿಸುತ್ತಿದ್ದಳು. ವರ್ಷ ಪೂರ್ತಿ ಮುಚ್ಚಿದ್ದ ಬಾಯಿ. ಅಷ್ಟು ಸುಖದಲ್ಲಿ ಅವಳ ಮುಖವನ್ನು ನಾನು ನೋಡಿದ್ದು ಅದೇ ಕೊನೆ.

ಸಪ್ತಾಹ ಮುಗಿದ ಸ್ವಲ್ಪ ದಿನಕ್ಕೆ, ಊಟಕ್ಕೆ ಕೂತಾಗ ಅವ್ವ, “ದಾನೀ, ಪಲ್ಯಾಕ್ಕ ಶಿವಾಯ ಸಾಲದು” ಎಂದಳು. ತಾನೇ ನಕ್ಕಳು. “ಉಪ್ಪು ಅನ್ನಾಕ ಹೋಗಿ ಏನಂದ್ನೆವ್ವಾ!”

“ನಾಲಿಗಿಗೆ ನಾಮ ಹತ್ತೈತಿ. ಪುಣ್ಯೇದ ನಾಲಿಗಿ,” ಎಂದಳು ದೊಡ್ಡವ್ವ.

ಆಮೇಲೆ ಅದು ಮಾತಿಗೊಮ್ಮೆ ಬರತೊಡಗಿತು. ಮೊದಮೊದಲು ಅವ್ವ ತಗ್ಗು ಕಂಡವಳ ಹಾಗೆ ಮಾತಿನ ಮಧ್ಯೆ ನಿಂತು, ಸುತ್ತು ಹಾಕಿ ಬರುತ್ತಿದ್ದಳು. ನೀರು ಎನ್ನಲಾಗದೆ “ಅದು, ಕೊಡದಾಗಿಂದು, ಕುಡಿಯೂದು” ಎನ್ನುತ್ತಿದ್ದಳು. ಕ್ರಮೇಣ ಸುತ್ತಿನ ದಾರಿಗಳೂ ಅಲ್ಲಿಗೇ ಜಾರಿದವು. ಮುತ್ತಣ್ಣನನ್ನು ಬಯ್ಯಲು ಬಾಯಿ ತೆರೆದಳು, “ಶಿವಾಯ” ಎಂದಳು. ಅವನು ನಗಲು ಹೋಗಿ ನಗಲಾರದೆ ಹೊರಗೆ ಎದ್ದುಹೋದ.

ಸಪ್ತಾಹದಿಂದ ತಪ್ಪಿದ್ದ ಕೇಂದ್ರಕ್ಕೆ ಮತ್ತೆ ಹೋದಾಗ ಪರದೆಯ ಮೇಲಿನ ಗೆರೆಗಳೆಲ್ಲ ಮಸುಕಾಗಿದ್ದವು. ಬಯಲಿನ ನಡುವೆ ಒಂದೇ ಒಂದು ಬೆಳ್ಳನೆಯ ಚುಕ್ಕೆ ಉರಿಯುತ್ತಿತ್ತು. ಡಾಕ್ಟರು ಕುರ್ಚಿ ತಿರುಗಿಸಿ ನಮ್ಮನ್ನು ಕೇಳಿದರು.

“ಏನ ಮಾಡಿದ್ರಿ?”

ಮುತ್ತಣ್ಣ ಸಪ್ತಾಹದ ವಿಷಯ ಹೇಳಿದ. “ಆದ್ರ ಅದು ಜಪ ರೀ ಸರ. ಮಾತಲ್ಲ.”

“ಹಲಗಿಗೆ ಅದು ಗೊತ್ತಾಗೂದಿಲ್ಲಪಾ,” ಎಂದರು ಡಾಕ್ಟರು. ಸಿಟ್ಟು ಮಾಡಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನಮ್ಮವ್ವನೂ ದಿನಾ ಮುಂಜಾನೆ ಜಪಾ ಮಾಡ್ತಾಳ. ಹಾಡು ಅಂದೆ, ಎಣಿಕಿ ಅಂದೆ, ಜಗಳ ಅಂದೆ. ಇದು ನನಗೂ ಹೊಳೀಲಿಲ್ಲ ನೋಡು.”

ಅದೇ ಜಾಗದಲ್ಲಿ ಪಂಜರಗಳು ಸೊಟ್ಟಗಾಗಿ ಆಗಿ, ಒಂದು ಆಳದ ತಗ್ಗು ಬಿದ್ದಿದೆ. ಎತ್ತಲಿಂದ ಹೊರಟ ಎಲೆಕ್ಟ್ರಾನಾದರೂ ಉರುಳಿ ಅಲ್ಲಿಗೇ ಬರುತ್ತದೆ. ಬಂದದ್ದು ತಗ್ಗನ್ನು ಇನ್ನಷ್ಟು ಆಳ ಮಾಡುತ್ತದೆ. ಹಲಗೆಯನ್ನು ಭಟ್ಟಿಯಲ್ಲಿ ಕಾಯಿಸಿದರೆ ಪಂಜರಗಳೆಲ್ಲ ಮತ್ತೆ ನೆಟ್ಟಗಾಗುತ್ತವಂತೆ. ಆದರೆ ಅದೀಗ ಮಿದುಳಿಗೆ ಬೆಳೆದು ಕೂಡಿಬಿಟ್ಟಿದೆ, ತೆಗೆಯಲು ಹೋದರೆ ಅವ್ವ ಉಳಿಯುವುದಿಲ್ಲ. ಉಳಿದದ್ದು ಒಂದೇ ದಾರಿ. ಎಲೆಕ್ಟ್ರಾನು ಹಾಯದೆ ಹಾಗೇ ಬಿಟ್ಟರೆ ಮೈಯ ಬಿಸಿಗೇ ತಗ್ಗು ನಿಧಾನವಾಗಿ ತುಂಬಿಕೊಳ್ಳಬಹುದು.

“ಬಾಯಿ ಮುಚ್ಚಿದ್ರ ಸಾಲೂದಿಲ್ಲ,” ಎಂದರು ಡಾಕ್ಟರು. “ಮಾತಾಡಬೇಕು ಅಂತ ಮನಸ್ಸಿಗೆ ಬರಬಾರದು. ಬಂದ್ರೂ ಎಲೆಕ್ಟ್ರಾನು ಹೊಂಡ್ತದ.”

ಅವ್ವ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಡಾಕ್ಟರ ಕಡೆ ತಿರುಗಿ, ಗಂಟಲು ಉಬ್ಬಿಸಿ, ಒಂದೊಂದೇ ಅಕ್ಷರ ಒತ್ತಿ “ಶಿವಾಯ” ಎಂದಳು. ಬಾಗಿಲಲ್ಲಿ ನೆಲ ಒರೆಸುತ್ತಿದ್ದ ಮುದುಕ ಒರಸು ಬಟ್ಟೆ ಕೆಳಗಿಟ್ಟು ಅವಳಿಗೆ ಕೈ ಮುಗಿದ.

ಊರಲ್ಲೂ ಹಾಗೇ ಆಯಿತು. ನೀಲವ್ವನ ಬಾಯಲ್ಲಿ ಶಿವನಾಮ ಬಿಟ್ಟು ಬೇರೆ ಬರುವುದಿಲ್ಲ ಎಂಬ ಸುದ್ದಿ ಮೊದಲು ಓಣಿಗೆ, ಆಮೇಲೆ ಸುತ್ತಲಿನ ಹಳ್ಳಿಗಳಿಗೆ ಹೋಯಿತು. ಅಂಗಳದಲ್ಲಿ ಚಪ್ಪಲಿಗಳು ಸಾಲಾದವು. ಜನ ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ಅವ್ವ ಬಾಯಿ ತೆರೆಯುತ್ತಿದ್ದಳು. ಅವರು ಅವಳ ಕಾಲಿಗೆ ಹಣೆ ಹಚ್ಚಿ ಹೋಗುತ್ತಿದ್ದರು.

ನಾನು ಬಾಗಿಲು ಹಾಕಿದೆ. ದೊಡ್ಡವ್ವ ಹೊರಗಿನಿಂದ, “ದೇವರ ಬಾಗಲಾ ಮುಚ್ಚತಿ ಏನs, ನಿನ್ನ ಕೈ ಸೇದಿ ಹೋದಾವು” ಎಂದಳು. ನಾನು ಅಗಳಿ ತೆಗೆಯಲಿಲ್ಲ. ಡಾಕ್ಟರ ಮಾತು ನೆನಪಿಗಿದ್ದುದರಿಂದ ಮುತ್ತಣ್ಣನೂ ಆಗ ನನ್ನ ಕಡೆಗೇ ಇದ್ದ.

ಮನೆಯಲ್ಲಿ ಮಾತು ನಿಂತಿತು. ಅವ್ವನಿಗೆ ಮಾತಾಡಬೇಕೆನ್ನಿಸುವಂಥದ್ದು ಯಾವುದೂ ಅವಳ ಕಣ್ಣಿಗೆ ಬೀಳಬಾರದು. ನಾನು ಅವಳಿಗೆ ಬೆನ್ನು ಮಾಡಿ ಕೂತು ನೂಲಿನ ಕಂಡಿಕೆ ಸುತ್ತುತ್ತಿದ್ದೆ. ರೊಟ್ಟಿ ಮುಂದಿಟ್ಟು ಮುಖ ನೋಡದೆ ಬರುತ್ತಿದ್ದೆ. ಯಾರಾದರೂ ತಪ್ಪು ಎಳೆ ಹಿಡಿದರೆ ದೂರದಿಂದಲೇ ಗೊತ್ತಾಗಿ ಗದರುವ ಹೆಂಗಸು ಅವಳು. ಎಳೆ ಗಂಟಾದಾಗ ನನ್ನ ಬೆನ್ನ ಹಿಂದೆ ಅವಳ ಉಸಿರು ನಿಲ್ಲುವುದು ಕೇಳಿಸುತ್ತಿತ್ತು. ತಡೆದುಕೊಳ್ಳುತ್ತಿದ್ದಳು. ಒಂದೇ ಮನೆಯಲ್ಲಿ ಇಬ್ಬರೂ ಹಾಗೆ ಬದುಕಿದೆವು.

ಮುಂದಿನ ಸಲ ಕೇಂದ್ರಕ್ಕೆ ಹೋದಾಗ ಚುಕ್ಕೆ ಸ್ವಲ್ಪ ಮಂಕಾಗಿತ್ತು. “ತುಂಬಾಕತ್ತದ,” ಎಂದರು ಡಾಕ್ಟರು ಮೆಲ್ಲಗೆ, ಜೋರಾಗಿ ಅಂದರೆ ಕೆಡುತ್ತದೇನೋ ಎನ್ನುವ ಹಾಗೆ. “ಚಳಿಗಾಲ ಮುಗಿಯೂತನಕ ಹಿಂಗ ಇರ್ರಿ.” ಅದಾದ ವಾರ, ನಾನು ತಾಟು ಇಡುವಾಗ ಅವ್ವನಿಗೆ ಗೊತ್ತಿಲ್ಲದೆ “ದಾ” ಎಂದು ಬಂತು. ನನ್ನ ಹೆಸರಿನ ಮೊದಲ ಅಕ್ಷರ. ತಕ್ಷಣ ಎಡಗೈಯಿಂದ ತಾನೇ ಬಾಯಿ ಮುಚ್ಚಿಕೊಂಡಳು. ನಾನು ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿ ಹಿಡಿದುಕೊಂಡು ಅತ್ತೆ.

ಕಾರ್ತಿಕದ ಸೋಮವಾರ ಜನ ಮುಂಜಾನೆಯೇ ಬಂದರು. ಮುಂದೆ ದೊಡ್ಡವ್ವ, ಅವಳ ಪಕ್ಕದಲ್ಲಿ ಬಾದಾಮಿಯ ಕಡೆಯ ಒಬ್ಬ ಹೆಂಗಸು. ಅವಳ ಸೊಂಟದ ಮೇಲೆ ನಾಲ್ಕು ವರ್ಷದ ಹೆಣ್ಣು ಕೂಸು. ಅದಕ್ಕೆ ಹುಟ್ಟಿದಾಗಿನಿಂದ ಮಾತಿಲ್ಲ.

“ಅಣ್ಣಾ, ತಗೀಬ್ಯಾಡ,” ಎಂದೆ.

“ಕೂಸು ನೋಡ ದಾನಿ,” ಎಂದ ಮುತ್ತಣ್ಣ. “ಇದಕ್ಕ ನಾ ಹೆಂಗ ಇಲ್ಲನ್ಲಿ?” ಅಗಳಿ ತೆಗೆದ.

ಹೆಂಗಸು ಕೂಸನ್ನು ಅವ್ವನ ತೊಡೆಯ ಮೇಲೆ ಕೂಡಿಸಿದಳು. ಕೂಸು ಅವ್ವನ ಮೂಗುತಿ ಹಿಡಿದು ಎಳೆಯಿತು. ಹಾಗೆ ಎಳೆದ ಕೂಸಿಗೆ ಯಾರಾದರೂ ಏನಾದರೂ ಅನ್ನದೆ ಇರುತ್ತಾರೆಯೇ? ಅವ್ವನ ಮುಖ ಅರಳಿತು.

“ಶಿವಾಯ,” ಎಂದಳು.

ಅಂಗಳದ ತುಂಬ ಜನ ಅದನ್ನೇ ತಿರುಗಿ ಹೇಳಿದರು. ಅವ್ವ ಬೇಡ ಎನ್ನುವಂತೆ ಕೈಯಾಡಿಸಿ ಮತ್ತೆ ಕೂಗಿದಳು. ಜನವೂ ಕೂಗಿದರು. ದೊಡ್ಡವ್ವ ತಾಳ ತೆಗೆದಳು. ಸಂಜೆಯವರೆಗೆ ಅದು ನಿಲ್ಲಲಿಲ್ಲ. ಮುಂಜಾನೆ ಅವಳ ಕೂಗಿನಲ್ಲಿ ಸಿಟ್ಟು ಬೇರೆ, ಅಂಗಲಾಚುವುದು ಬೇರೆ ಎಂದು ನನಗೆ ತಿಳಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಒಂದೇ ರಾಗಕ್ಕೆ ಬಂದಿದ್ದವು.

ಜನ ಹೋದ ಮೇಲೆ ಮುತ್ತಣ್ಣನಿಗೆ ಹೇಳಿದೆ. “ಅವ್ವ ಭಜನಿ ಮಾಡಲಿಲ್ಲಣ್ಣಾ. ಇವರನ್ನ ಹೊರಗ ಹಾಕು ಅಂತ ಒದರಿದ್ಲು.”

“ನನಗ ಗೊತ್ತೈತಿ.” ಅವನು ಮಗ್ಗದ ಮೇಲೆ ಕೂತಿದ್ದ, ನೇಯುತ್ತಿರಲಿಲ್ಲ. “ಆದ್ರ ಮಂದಿ ಅನ್ನೂದs ಖರೇ ಅನ್ಕೊಂಡ್ರ ನಿದ್ದಿ ಬರ್ತೈತಿ, ದಾನಿ.”

ಪರದೆಯ ಮೇಲೆ ಈಗ ಚುಕ್ಕೆ ಮೊದಲಿಗಿಂತ ದೊಡ್ಡದಾಗಿತ್ತು. ಡಾಕ್ಟರು ಬೇರೇನೋ ಒಂದು ಗುಂಡಿ ಒತ್ತಿ ಬಯಲಿನ ಅಂಚನ್ನು ಹಿಗ್ಗಿಸಿದರು. ಅಲ್ಲಿ ಕಿಡಿಗಳು ಹುಟ್ಟುತ್ತಿದ್ದವು. ಒಂದರ ಜಾಗದಲ್ಲಿ ಇನ್ನೊಂದಲ್ಲ, ಬೇರೆ ಬೇರೆ ಕಡೆ, ಬಿಡುವಿಲ್ಲದೆ, ಮಳೆ ಹನಿ ಬಿದ್ದ ಹಾಗೆ. ಎಲ್ಲವೂ ಎರಡು ಹೆಜ್ಜೆ ತಮ್ಮ ದಾರಿಯಲ್ಲಿ ಹೋಗಿ, ಆಮೇಲೆ ನಡುವಿನ ಚುಕ್ಕೆಯ ಕಡೆ ಬಾಗಿ, ಜಾರಿ ಬೀಳುತ್ತಿದ್ದವು. ಗಾಜಿನ ಆಚೆ ಅವ್ವ ಬಾಯಿ ಮುಚ್ಚಿಕೊಂಡು ಸುಮ್ಮನೆ ಕೂತಿದ್ದಳು.

“ಇವೆಲ್ಲ ಮಾತೇನ್ರಿ?” ಎಂದೆ.

“ಹೌದವ್ವಾ. ಶುರು ಆದ ಮಾತು.”

“ಎಲ್ಲಿಂದ ಹೊಂಟಾವ ನೋಡಿ, ಏನಂತ ಓದಾಕ ಬರೂದಿಲ್ಲೇನ್ರಿ?”

“ಒಬ್ಬೊಬ್ಬರ ತಲ್ಯಾಗ ಒಂದೊಂದು ಥರ. ಅವರು ಚಂದಂಗ ಮಾತಾಡೂವಾಗ ಯಾವ ಮಾತು ಎಲ್ಲಿಂದ ಹೊಂಡ್ತದ ಅಂತ ಎಲ್ಲಾ ಹಿಡಿದು ಇಟ್ಕೊಂಡಿದ್ರ ಬರ್ತಿತ್ತು. ವಾರಕ್ಕ ಒಂದ ತಾಸು ಹಿಡದೇವಿ. ಅದರಾಗ ಏನೂ ಸಿಗೂದಿಲ್ಲ.” ಅವರೇ ಪರದೆ ಆರಿಸಿದರು. ಇನ್ನು ಮೇಲೆ ವಾರ ವಾರ ಬರುವುದು ಬೇಡ ಎಂದರು.

ಈಗ ನಮಗೆ ಉಳಿದಿರುವುದು ಅವಳ ತಲೆಯಾಡಿಸುವುದೊಂದೇ. ಹೌದು, ಅಲ್ಲ. ಬಲಗೈ ಇಲ್ಲ, ಅಕ್ಷರ ಮೊದಲೇ ಬಾರದು. ನಾನು ಕೇಳುತ್ತೇನೆ, ಅವಳು ತಲೆಯಾಡಿಸುತ್ತಾಳೆ. ಉಪ್ಪು, ಕೌದಿ, ಕಿಟಕಿ, ಹೊಟ್ಟೆ ನೋವು, ಇವೆಲ್ಲ ಸಿಗುತ್ತವೆ. ಆದರೆ ನಾನು ಕೇಳಿದ್ದಕ್ಕಷ್ಟೇ ಅವಳು ಉತ್ತರ ಕೊಡಬಲ್ಲಳು. ಕೇಳಬೇಕಾದ್ದು ನನಗೆ ಹೊಳೆಯಬೇಕಲ್ಲ.

ನಿನ್ನೆ ಮಧ್ಯಾಹ್ನ ಅವಳು ನನ್ನ ಮುಂಗೈ ಹಿಡಿದುಕೊಂಡಳು. ಕಂಡಿಕೆ ಕೆಳಗಿಟ್ಟು ಅವಳ ಎದುರು ಕೂತೆ. “ಶಿವಾಯ,” ಎಂದಳು. ನಾಮದ ರಾಗದಲ್ಲೇ ಇತ್ತು. ಬೆರಳುಗಳು ಮಾತ್ರ ಗಟ್ಟಿಯಾಗಿ ಒತ್ತುತ್ತಿದ್ದವು.

“ನೋವ ಆಗೈತೇನು?” ಅಲ್ಲ. “ಅಣ್ಣನ ಕರೀಲಿ?” ಅಲ್ಲ. “ದೊಡ್ಡವ್ವಂದ ಸುದ್ದಿ?” ಅಲ್ಲ. “ಮಗ್ಗದ್ದು?” ಅಲ್ಲ. “ಮಂದಿ ಬರೂದು ಬ್ಯಾಡ?” ಅದಲ್ಲ ಎಂದು ಕೈ ಒದರಿದಳು. “ಸಾಕಾಗೈತಾ ಯವ್ವಾ, ಸಾಯಬೇಕನಸ್ತೈತಾ?” ಅವಳು ನನ್ನ ಮುಖ ನೋಡಿ, ಅದೂ ಅಲ್ಲ ಎಂದು ತಲೆಯಾಡಿಸಿದಳು.

“ನನ್ನ ವಿಷಯಾನ?”

ತಲೆ ಜೋರಾಗಿ ಆಡಿತು. ಹೌದು, ಹೌದು. ಕಣ್ಣು ತುಂಬಿಕೊಂಡವು.

ನನ್ನ ಮದುವೆಯದೋ ಎಂದೆ. ಅಲ್ಲ. ನನ್ನ ಮೇಲೆ ಸಿಟ್ಟೇ? ಅಲ್ಲ. ನಾನು ಏನಾದರೂ ಮಾಡಬೇಕೆ? ಅಲ್ಲ. ಮಾಡಬಾರದೆ? ಅಲ್ಲ. ಮೊದಲು ಆದದ್ದೇ? ಮುಂದೆ ಆಗುವುದೇ? ಅವಳು ಎರಡಕ್ಕೂ ಅರ್ಧರ್ಧ ತಲೆಯಾಡಿಸಿ, ನನಗಿಂತ ಹೆಚ್ಚು ಗೊಂದಲಕ್ಕೆ ಬಿದ್ದಳು. ನನಗೆ ಗೊತ್ತಿರುವ ಮಾತುಗಳೇ ಕಡಿಮೆ. ಗೊತ್ತಿದ್ದುದನ್ನೆಲ್ಲ ಒಂದೊಂದಾಗಿ ಅವಳ ಮುಂದಿಟ್ಟೆ. ಮಗ್ಗಗಳು ನಿಂತವು, ಓಣಿಯಲ್ಲಿ ದೀಪ ಹಚ್ಚಿದರು. ಅವಳ ತಲೆ ಅತ್ತಿಂದಿತ್ತ ಆಡುತ್ತಲೇ ಇತ್ತು.

ಕೊನೆಗೆ ನನ್ನ ಹತ್ತಿರ ಕೇಳಲು ಏನೂ ಉಳಿಯಲಿಲ್ಲ. ಅಂಗೈಯಿಂದ ಕಣ್ಣೊರೆಸಿಕೊಂಡೆ. ಬಾಯಿಗೆ ಬಂದದ್ದನ್ನು ಕೇಳಿದೆ.

“ನೀರು ಬೇಕೇನಬೇ?”

ಅವ್ವ ನನ್ನ ಮುಖ ನೋಡಿದಳು. ಹಣೆಯ ಮೇಲಿನ ಗಂಟು ಮೆಲ್ಲಗೆ ಸಡಿಲಾಯಿತು. ಹಿಡಿದಿದ್ದ ಮುಂಗೈ ಬಿಟ್ಟಳು. ಹೌದು ಎಂದು ತಲೆಯಾಡಿಸಿದಳು.

ತಂಬಿಗೆ ತಂದು ಕೊಟ್ಟೆ. ನೀರಡಿಸಿದವರು ಕುಡಿಯುವ ಹಾಗೆ ಅವಳು ಕುಡಿಯಲಿಲ್ಲ. ಎಡಗೈಯಲ್ಲಿ ಹಿಡಿದು, ನಡುವೆ ಉಸಿರಿಗೆ ನಿಲ್ಲದೆ, ಔಷಧ ಮುಗಿಸುವ ಹಾಗೆ ಕೊನೆಯ ಹನಿಯವರೆಗೂ ಮುಗಿಸಿದಳು. ಖಾಲಿ ತಂಬಿಗೆ ನನ್ನ ಕೈಗೆ ಕೊಟ್ಟು, ಅದೇ ಬೇಕಿತ್ತು ಎನ್ನುವಂತೆ ಇನ್ನೊಮ್ಮೆ ತಲೆಯಾಡಿಸಿ ನಕ್ಕಳು.